ಎಂಟು ಎಣಿಕೆಯ ಮೌನ

ಸೌತ್ ಸೈಡ್, ಷಿಕಾಗೋ
ಸೋಮವಾರ, ೩೦ ಅಕ್ಟೋಬರ್ ೧೯೭೮

ಪ್ರೀತಿಯ ಡೆಲ್ಫೀನ್,

ಮೊದಲು ನನ್ನನ್ನು ಎರಡು ಮಾತು ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ ಎಂದಲ್ಲ, ನಾಲ್ಕು ಸಲ ಬರೆದೆ, ನಾಲ್ಕನ್ನೂ ಹರಿದೆ. ಕೈಗೆ ವಾತ ಹಿಡಿದಿದೆ ಎಂದು ನೆಪ ಹೇಳಬಹುದಿತ್ತು. ಆದರೆ ಇದೇ ಕೈಯಲ್ಲಿ ಭಾನುವಾರ ಚರ್ಚಿನಲ್ಲಿ ಎರಡು ಗಂಟೆ ಆಳೆತ್ತರದ ಬಾಸ್ ಪಿಟೀಲು ನುಡಿಸಿದ್ದನ್ನು ನಿನ್ನ ಲವೀನಿಯಾ ಚಿಕ್ಕಮ್ಮ ಆಗಲೇ ಫೋನಿನಲ್ಲಿ ಊದಿರುತ್ತಾಳೆ. ಅವಳ ಬಾಯಿ ನಿನಗೆ ಗೊತ್ತೇ ಇದೆ.

ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಸ್ವಲ್ಪ ಕಡಿಮೆ. ಕೋಣೆಯ ಹೀಟರು ಬೆಳಗಿನಿಂದ ಟಕ್ ಟಕ್ ಎನ್ನುತ್ತಿದೆ, ಅದೂ ತಾಳ ತಪ್ಪಿ. ತಾಳ ತಪ್ಪಿದ್ದನ್ನು ಕೇಳುತ್ತಾ ಕೂರುವುದು ನನ್ನಿಂದ ಆಗದು. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ.

ನವೆಂಬರ್ ಹತ್ತಕ್ಕೆ ನ್ಯೂಯಾರ್ಕಿನಲ್ಲಿ ನೀನು ‘ಸಂಜೆಯೊಳಗೆ ಬರುವೆ’ಯನ್ನು ಹಾಡಿ ರೆಕಾರ್ಡ್ ಮಾಡುತ್ತೀ ಎಂದು ಓದಿ ನನ್ನ ಎದೆ ಉಬ್ಬಿತು. ಹತ್ತೊಂಬತ್ತು ವರ್ಷದ ಹಿಂದೆ ನಾವು ನಾಲ್ವರು ಮಾತಿಲ್ಲದೆ ನುಡಿಸಿದ್ದಕ್ಕೆ ನನ್ನ ಮಗಳೇ ಕೂತು ಮಾತು ಬರೆದಿದ್ದಾಳೆ. ಸ್ಯಾಕ್ಸೊಫೋನ್ ಊದಿದ ಟಿಲ್ಲರಿ ಇದ್ದಿದ್ದರೆ ಬೀದಿಬೀದಿಗೆ ಹೇಳಿಕೊಂಡು ಬರುತ್ತಿದ್ದ. ಪಿಯಾನೋದ ಬಸ್ಬಿಯೂ ಇಲ್ಲ. ಉಳಿದವರು ಡ್ರಮ್ಸಿನ ಹೊಸಿಯಾ ಮತ್ತು ನಾನು, ಎರಡು ಹಳೇ ಚಪ್ಪಲಿಗಳು.

ನೀನು ಕೇಳಿದ್ದನ್ನು ಮರೆತಿಲ್ಲ. ಕಾಗದ ಇಲ್ಲೇ ಇದೆ, ಮಡಿಕೆ ಹರಿಯುವಷ್ಟು ಸಲ ಬಿಚ್ಚಿ ನೋಡಿದ್ದೇನೆ. “ಕೊನೇ ಸುತ್ತಲ್ಲಿ ಬರೋ ಆ ಎಂಟು ಎಣಿಕೆ ಮೌನ ಹಾಗೇ ಇಟ್ಕೊಳ್ಲಾ, ಇಲ್ಲ ಅಲ್ಲೂ ಮಾತು ಹಾಕ್ಲಾ? ಒಂದು ನಿಜ ಹೇಳು ಅಪ್ಪಾ. ಅಷ್ಟು ಹೊತ್ತು ನೀನು ಏನು ಕೇಳಿಸ್ಕೊಳ್ತಾ ಇದ್ದೆ?” ಎಂದು ಬರೆದಿದ್ದೀ. ಇದಕ್ಕೆ ಉತ್ತರ ಹತ್ತನೇ ತಾರೀಖಿನೊಳಗೆ ನಿನ್ನ ಕೈ ಸೇರಬೇಕು. ಅದೇ ನನ್ನ ಫಜೀತಿ.

ಮೊನ್ನೆ ಗ್ಯಾಡ್ಸನ್ನನ ಕ್ಷೌರದಂಗಡಿಯಲ್ಲಿ ನಿನ್ನ ಸುದ್ದಿ ಹೇಳಿದೆ, ಹೇಳಬಾರದಿತ್ತು. ಹೊಸಿಯಾ ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ. ಹಾಗೇ ಶುರುಮಾಡಿದ: “ನೋಡ್ರಪ್ಪಾ, ನಮ್ಮ ಅಲಾಂಜೊ ನಲವತ್ತು ವರ್ಷ ಬಾಸ್ ನುಡಿಸ್ದ, ಒಬ್ಬ ನರಪಿಳ್ಳೆ ತಿರುಗಿ ನೋಡ್ಲಿಲ್ಲ. ಎಂಟೇ ಎಂಟು ಎಣಿಕೆ ಸುಮ್ನೆ ನಿಂತ ನೋಡಿ, ಪ್ಯಾರಿಸ್ ತನಕ ಹೆಸರಾಯ್ತು.”

“ಹಂಗಾದ್ರೆ ನೀನೂ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ನೋಡು ಹೊಸಿಯಾ, ನಿಂಗೂ ಹೆಸರು ಬಂದೀತು,” ಎಂದ ಗ್ಯಾಡ್ಸನ್, ಅವನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ.

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಹೊಸಿಯಾ ಬಿಡುವವನೇ? ಟಿಲ್ಲರಿಯ ನಿಯಮವನ್ನು ಮತ್ತೆ ಹೇಳತೊಡಗಿದ. ನಿನಗೂ ಗೊತ್ತು, ಟಿಲ್ಲರಿಯ ತಂಡದಲ್ಲಿ ಇದ್ದದ್ದು ಒಂದೇ ನಿಯಮ. ಬಾಸ್ ಅಂದರೆ ಮನೆಯ ನೆಲ, ನೆಲ ನಿಂತರೆ ಯಾರೂ ಮುಂದೆ ಹೆಜ್ಜೆ ಇಡಬಾರದು. ಆ ರೆಕಾರ್ಡಿನ ದಿನ ಕೊನೇ ಸುತ್ತಿನಲ್ಲಿ ನನ್ನ ಕೈ ನಿಂತಿತು. ಹೊಸಿಯಾ ನನ್ನ ಕೈ ನೋಡಿ ಕೋಲು ಎತ್ತಿದ, ಬಸ್ಬಿ ಬೆರಳು ಎತ್ತಿದ, ಟಿಲ್ಲರಿ ಉಸಿರು ಹಿಡಿದ. “ನಾನು ಕಾಲಲ್ಲೇ ಎಂಟು ಎಣಿಸ್ದೆ, ಹೊಡೆದೆ, ಎಲ್ರೂ ಬಂದ್ರು. ಒಂಬತ್ತು ಎಣಿಸಿದ್ರೆ ಆ ಟೇಪು ಕಸದ ಬುಟ್ಟಿಗೆ ಹೋಗ್ತಿತ್ತು. ಹೆಸರು ಬರಬೇಕಾಗಿದ್ದು ನನ್ನ ಕಾಲಿಗೆ,” ಎಂದ.

ಅದು ನಿಜವೇ. ಕೆಟ್ಟಿತು ಎಂದು ಬದಿಗಿಟ್ಟಿದ್ದ ಟೇಪನ್ನು ಎರಡು ವಾರದ ಮೇಲೆ ಕೇಳಿ ಟಿಲ್ಲರಿ ಅದನ್ನೇ ಆರಿಸಿದ. ಆಮೇಲೆ ನಡೆದದ್ದು ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು. ನಾವು ಪುಸ್ತಕ ನೋಡಿ ಕಲಿತವರಲ್ಲ, ರೆಕಾರ್ಡಿಗೆ ಕಿವಿಯಿಟ್ಟು ಕಲಿತವರು. ರೆಕಾರ್ಡಿನಲ್ಲಿ ಕೆಮ್ಮಿದ್ದರೆ ಕೆಮ್ಮನ್ನೂ ಕಲಿಯುತ್ತೇವೆ. ಡೆಟ್ರಾಯಿಟಿನ ಹುಡುಗರು ಅಲ್ಲಿ ನಿಂತರು, ಫಿಲಡೆಲ್ಫಿಯಾದವರು ನಿಂತರು, ಈಗ ಆ ಮಟ್ಟನ್ನು ಯಾವ ಊರಿನಲ್ಲಿ ಯಾರು ನುಡಿಸಿದರೂ ಕೊನೇ ಸುತ್ತಿನಲ್ಲಿ ಎಂಟು ಎಣಿಕೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಿಲ್ಲದವನಿಗೆ ಮಟ್ಟು ಬರುವುದಿಲ್ಲ ಎನ್ನುತ್ತಾರೆ.

ಹೋದ ವರ್ಷ ಒಬ್ಬ ಕಾಲೇಜು ಮೇಷ್ಟ್ರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಮನೆಗೇ ಬಂದಿದ್ದರು. ಲವೀನಿಯಾ ಮಾಡಿದ ಪೀಚ್ ಹಣ್ಣಿನ ಕಡುಬು ತಿನ್ನುತ್ತಾ, “ಆ ಮೌನ ನಮ್ಮ ಕಪ್ಪು ಜನ ಇನ್ನೂರು ವರ್ಷ ನುಂಗಿಕೊಂಡ ಮಾತು, ಅಲ್ವಾ ಸರ್?” ಎಂದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ನಾನು ತಲೆಯಾಡಿಸಿದೆ. ಅವರು ಅದನ್ನು ಬರೆದುಕೊಂಡರು. ಅವರು ಹೋದ ಮೇಲೆ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಉಳಿದ ಕಡುಬನ್ನು ಹಾಗೇ ಮುಚ್ಚಿಟ್ಟೆ.

ಕ್ಷೌರ ಮುಗಿಸಿ ಇಬ್ಬರೂ ನಡೆದುಕೊಂಡು ಬರುವಾಗ ಹೊಸಿಯಾ ನಗೆಚಾಟಿಕೆ ಬಿಟ್ಟು ಕೇಳಿದ: “ಲೇ, ಆವತ್ತು ನಿನ್ನ ಕೈ ನಿಂತಿದ್ದು ಯಾಕೋ?”

“ಬೆರಳು ಹಿಡ್ಕೊಂಡಿತ್ತು.”

“ಹತ್ತೊಂಬತ್ತು ವರ್ಷದಿಂದ ಬೆರಳು ಬೆರಳು ಅಂತೀಯ. ಯಾವ ಬೆರಳು? ತೋರಿಸು ನೋಡೋಣ.”

ಕೈ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಟೋಪಿ ಅಂಗಡಿಯ ಗಾಜಿನೊಳಗೆ ನೋಡುತ್ತಾ ನಿಂತೆ. ಈಗ ಇಲ್ಲಿಗೆ ನಿಲ್ಲಿಸುತ್ತೇನೆ, ಹೀಟರಿನವನು ಬಂದ.

ಬುಧವಾರ

ಹೀಟರಿನವನು ಏನು ಮಾಡಿದನೋ, ಈಗ ಟಕ್ ಟಕ್ ಇಲ್ಲ. ಸದ್ದಿಲ್ಲದ ಮನೆ ಇನ್ನೂ ಕಷ್ಟ. ಬಾಸನ್ನು ಒರೆಸಿದೆ, ತಂತಿ ಬಿಗಿದೆ, ಸಡಿಲಿಸಿದೆ. ಅಂಗಡಿಗೆ ಹೋಗಿ ಹಾಲು ತಂದೆ, ಮನೆಯಲ್ಲಿ ಹಾಲಿತ್ತು.

‘ಸಂಜೆಯೊಳಗೆ ಬರುವೆ’ ಎಂಬ ಹೆಸರಿನ ಕಥೆಯನ್ನು ನಿನಗೆ ಎಂದೂ ಸರಿಯಾಗಿ ಹೇಳಿಲ್ಲ. ಮಾತು ಬರೆದವಳಿಗೆ ಅದು ಗೊತ್ತಿರಬೇಕು. ಅದು ಫೆಬ್ರವರಿ, ನಿಮ್ಮಮ್ಮ ಆಸ್ಪತ್ರೆ ಸೇರಿ ಹದಿನೈದು ದಿನ. ಎದೆಯಲ್ಲಿ ಕಫ ಕಟ್ಟಿತ್ತು, ಇಳಿಯುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ನಾನು ಅವಳ ಮಂಚದ ಹತ್ತಿರ ಕೋಟು ಹಾಕಿಕೊಳ್ಳುತ್ತಾ ನಿಂತಿದ್ದೆ, ಹೊರಡಲು ಮನಸ್ಸಿರಲಿಲ್ಲ. ಎರ್ನೆಸ್ಟೀನೇ ಗದರಿಸಿದಳು: “ಹೋಗಿ ನುಡಿಸ್ಕೊಂಡು ಬನ್ನಿ. ಇಲ್ಲಿ ಕೂತು ನನ್ನ ಮುಖ ನೋಡಿದ್ರೆ ಕಫ ಕರಗುತ್ತಾ? ಸಂಜೆಯೊಳಗೆ ಬಂದ್ರೆ ಸಾಕು.” ಬರುತ್ತೇನೆ ಎಂದೆ. ಲವೀನಿಯಾ ಅವಳ ಹತ್ತಿರ ಕೂತಳು. ನಿನಗೆ ಒಂಬತ್ತು ವರ್ಷ, ಸ್ಕೂಲಿನಲ್ಲಿದ್ದೆ.

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಮಧ್ಯಾಹ್ನ ಮೂರಕ್ಕೆ ಒಂದೇ ಮಟ್ಟು ಉಳಿದಿತ್ತು, ಅದಕ್ಕೆ ಹೆಸರೇ ಇರಲಿಲ್ಲ. ಗಾಜಿನ ಆಚೆಯಿಂದ ಯಂತ್ರ ನೋಡಿಕೊಳ್ಳುವವನು ಟೇಪಿನ ಡಬ್ಬಿಯ ಮೇಲೆ ಬರೆಯಲು ಹೆಸರು ಕೇಳಿದ. ಟಿಲ್ಲರಿಗೆ ರಾಗ ಹುಟ್ಟಿದಷ್ಟು ಸುಲಭವಾಗಿ ಹೆಸರು ಹುಟ್ಟುತ್ತಿರಲಿಲ್ಲ. ನನ್ನ ಕಡೆ ತಿರುಗಿ, “ಬೆಳಿಗ್ಗೆ ಹೆಂಡ್ತಿಗೆ ಏನು ಹೇಳಿ ಬಂದ್ಯೋ?” ಎಂದ.

“ಸಂಜೆಯೊಳಗೆ ಬರ್ತೀನಿ ಅಂದೆ.”

“ಅದನ್ನೇ ಬರಿಯಪ್ಪ,” ಎಂದ ಗಾಜಿನ ಕಡೆಗೆ. ಹೀಗೆ ನಿಮ್ಮಮ್ಮನಿಗೆ ನಾನು ಕೊಟ್ಟ ಮಾತು ಡಬ್ಬಿಯ ಮೇಲೆ ಹೋಯಿತು, ಅಲ್ಲಿಂದ ಲೋಕದ ಬಾಯಿಗೆ ಹೋಯಿತು.

ಮುಂದಿನದು ನಿನಗೆ ಗೊತ್ತು. ಹಡಗಿಗೆ ದಾರಿ ಬಿಡಲು ನದಿಯ ಮೇಲಿನ ಸೇತುವೆ ಎತ್ತಿದ್ದರು, ನನ್ನ ಟ್ಯಾಕ್ಸಿ ಈಚೆ ದಡದಲ್ಲೇ ನಿಂತಿತು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಿಮ್ಮಮ್ಮ ಹೋಗಿಬಿಟ್ಟಿದ್ದಳು. ಆಮೇಲೆ ಬಸ್ಸಿನಲ್ಲಿ ಆ ಸೇತುವೆ ದಾಟುವಾಗಲೆಲ್ಲ ನೀನು ಕಿಟಕಿಗೆ ಮೂಗು ಒತ್ತಿ ಅದಕ್ಕೆ ನಾಲಿಗೆ ಚಾಚುತ್ತಿದ್ದೆ. ಒಮ್ಮೆ ಪಾದ್ರಿಯವರ ಹೆಂಡತಿ, ತನಗೇ ಚಾಚಿದೆ ಎಂದುಕೊಂಡು ಮುನಿಸಿಕೊಂಡಿದ್ದರು. ನಿನಗೆ ಹದಿಮೂರೋ ಹದಿನಾಲ್ಕೋ ಆದಾಗ ಬಿಟ್ಟೆ. ದೊಡ್ಡವಳಾದಳು ಎಂದುಕೊಂಡೆ.

ಈ ಪುಟವನ್ನೂ ಹರಿಯುವ ಮನಸ್ಸಾಗುತ್ತಿದೆ. ಇವತ್ತಿಗೆ ಸಾಕು.

ಶುಕ್ರವಾರ, ೩ ನವೆಂಬರ್

ಇವತ್ತು ಟಪಾಲಿಗೆ ಹಾಕದಿದ್ದರೆ ನಿನಗೆ ಸಿಗುವುದಿಲ್ಲ. ಆದ್ದರಿಂದ ಚುಟುಕಾಗಿ ಹೇಳುತ್ತೇನೆ.

ಶ್ರುತಿಯನ್ನು ನಿನಗೆ ಹೊಂದುವಷ್ಟು ಇಳಿಸಿಕೋ, ನಾಚಬೇಡ. ಬಾಸ್ ನುಡಿಸುವವನಿಗೆ ನಿನ್ನ ಮುಖ ಕಾಣುವ ಹಾಗೆ ನಿಲ್ಲು. ಮೊದಲ ಸಲ ನುಡಿಸಿದ್ದರಲ್ಲಿ ತಪ್ಪಿದ್ದರೂ ಎಸೆಯಗೊಡಬೇಡ. ಆ ಎಂಟು ಎಣಿಕೆಯ ಜಾಗವನ್ನು ಇದ್ದ ಹಾಗೇ ಖಾಲಿ ಬಿಡು. ಎಲ್ಲರೂ ಬಿಡುತ್ತಾರೆ. ಅಲ್ಲಿ ಮಾತು ಹಾಕಿದರೆ ಟಿಲ್ಲರಿಗೆ ಅವಮಾನ ಮಾಡಿದಳು ಎಂದು ಹಳಬರು ಗೊಣಗುತ್ತಾರೆ. ನಾನು ಏನು ಕೇಳಿಸಿಕೊಳ್ಳುತ್ತಿದ್ದೆ ಎಂದು ಕೇಳಿದ್ದೀ. ಬೆರಳು ಹಿಡಿದುಕೊಂಡಿತ್ತು ಮಗಳೇ, ಅಷ್ಟೇ.

ಲವೀನಿಯಾ ನಿನಗೆ ಉಣ್ಣೆಯ ಶಾಲು ಹೆಣೆಯುತ್ತಿದ್ದಾಳೆ, ಬಣ್ಣ ಹಿಡಿಸದಿದ್ದರೂ ಹಿಡಿಸಿತು ಎನ್ನು. ಗಂಟಲು ಜೋಪಾನ. ನಿನ್ನ ದನಿ ಎಲ್ಲಿ ಕೇಳಿದರೂ ಜನ ಒಂದು ಗಳಿಗೆ ಕೆಲಸ ಬಿಟ್ಟು ನಿಲ್ಲುವಂತಾಗಲಿ. ನಿಮ್ಮಮ್ಮನ ಕೈ ನಿನ್ನ ತಲೆಯ ಮೇಲಿರಲಿ, ನನ್ನದೂ ಇದೆ ಎಂದುಕೋ.

ನಿನ್ನ ಅಪ್ಪ,
ಅಲಾಂಜೊ ಪೆಟ್ವೇ

ತಾ. ಕ.: ಲಕೋಟೆ ಅಂಟಿಸಿ ಟಪಾಲು ಡಬ್ಬದವರೆಗೆ ಹೋದೆ. ಡಬ್ಬದ ಬಾಯಿ ತೆರೆದು ಹಿಡಿದೆ, ಕೈ ಲಕೋಟೆಯನ್ನು ಬಿಡಲಿಲ್ಲ. ಮನೆಗೆ ಬಂದು ಅಂಟು ಬಿಡಿಸಿ ಕೂತಿದ್ದೇನೆ. ಶುಕ್ರವಾರದ್ದು ಎಂದು ಮೇಲೆ ಬರೆದ ಸಲಹೆಯಲ್ಲಿ ಶ್ರುತಿಯದ್ದನ್ನು ಇಟ್ಟುಕೋ, ಬೆರಳಿನದ್ದನ್ನು ಹೊಡೆದುಹಾಕು.

ಆವತ್ತು ಕೊನೇ ಸುತ್ತಿನಲ್ಲಿ ಸ್ಟುಡಿಯೋ ಆಫೀಸಿನ ಇಮೋಜೀನ್ ಗಾಜಿಗೆ ಒಂದು ಕಾಗದ ಒತ್ತಿ ಹಿಡಿದಳು. ಲವೀನಿಯಾ ಫೋನ್ ಮಾಡಿದ್ದಳು. ‘ಎರ್ನೆಸ್ಟೀನ್ ಕರೆಯುತ್ತಿದ್ದಾರೆ. ಈಗಲೇ ಬರಬೇಕಂತೆ’ ಎಂದು ದಪ್ಪ ಅಕ್ಷರದಲ್ಲಿತ್ತು. ಗಾಜಿನ ಕಡೆಗೆ ಮುಖ ಮಾಡಿದ್ದವನು ನಾನೊಬ್ಬನೇ. ನನ್ನ ಕೈ ನಿಂತಿತು. ಏನು ಕೇಳಿಸಿಕೊಳ್ಳುತ್ತಿದ್ದೆ ಎಂದೆಯಲ್ಲ, ಏನನ್ನೂ ಇಲ್ಲ. ಒಂದು ಚೀಟಿ ಓದುತ್ತಿದ್ದೆ. ಹೊಸಿಯಾ ಹೊಡೆದ, ನಾನೂ ನುಡಿಸಿ ಮುಗಿಸಿದೆ.

ಇಷ್ಟೇ ಆಗಿದ್ದರೆ ಎಂದೋ ನಿನಗೆ ಹೇಳಿಬಿಡುತ್ತಿದ್ದೆ. ಮಟ್ಟು ಮುಗಿದ ಮೇಲೆ ಟಿಲ್ಲರಿ, “ಅದು ಕೆಟ್ಟೋಯ್ತು. ಇನ್ನೊಂದ್ಸಲ ಆಗುತ್ತಾ ಅಲಾಂಜೊ?” ಎಂದ. ಅವನಿಗೆ ಚೀಟಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನ ಕೋಟನ್ನು ತಾನೇ ತಂದು ಹೊದಿಸಿ ಕಳಿಸುತ್ತಿದ್ದ. ನಾನು ಹೇಳಬೇಕಿತ್ತು. “ಆಗುತ್ತೆ” ಎಂದೆ. ನನ್ನಿಂದ ಕೆಟ್ಟದ್ದನ್ನು ಸರಿಮಾಡಿ ಹೋಗಬೇಕು ಎಂಬ ಜಂಬ ಒಂದು. ಇನ್ನೊಂದು ಭಯ. ಆ ಮಂಚದ ಹತ್ತಿರ ನಿಲ್ಲುವುದಕ್ಕಿಂತ ಬಾಸ್ ಹಿಡಿದು ನಿಲ್ಲುವುದು ಸುಲಭ ಅನ್ನಿಸಿತು. ಮೈಕು ಸರಿಸಿದರು, ನಾನು ತಂತಿ ಸರಿಮಾಡಿಕೊಂಡೆ, ಮತ್ತೆ ನುಡಿಸಿದೆವು, ಎಲ್ಲ ಸೇರಿ ಹತ್ತು ನಿಮಿಷ. ಒಂದು ಸ್ವರವೂ ತಪ್ಪಲಿಲ್ಲ. ಆ ಟೇಪು ಯಾರಿಗೂ ಬೇಕಾಗಲಿಲ್ಲ, ಒರೆಸಿ ಅದರ ಮೇಲೆ ಬೇರೆಯವರ ಹಾಡು ತುಂಬಿದರಂತೆ. ಇಮೋಜೀನ್ ಗಾಜಿನ ಆಚೆ ಕಾಗದ ಹಿಡಿದೇ ನಿಂತಿದ್ದಳು. ಸಾಯುವವರೆಗೂ ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ.

ನಾನು ಆಸ್ಪತ್ರೆ ಮುಟ್ಟಿದಾಗ ನಾಲ್ಕೂ ಹತ್ತು. ನಿಮ್ಮಮ್ಮ ಹೋದದ್ದು ನಾಲ್ಕೂ ಐದಕ್ಕೆ. ಕೊನೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿದ್ದಳು ಎಂದು ಲವೀನಿಯಾ ಹೇಳಿದಳು. ಸಂಜೆಯೊಳಗೇ ಬಂದಿದ್ದೆ ನೋಡು, ಮಾತು ತಪ್ಪಲಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಆ ಜಾಗವನ್ನು ಖಾಲಿ ಬಿಡಬೇಡ. ಯಾರು ಏನಾದರೂ ಗೊಣಗಲಿ. ಅಲ್ಲಿ ಅವಳು ನಿನ್ನನ್ನು ಕೂಗುತ್ತಿದ್ದ ಹೆಸರನ್ನಾದರೂ ಹಾಡು.

ಇನ್ನೊಂದಿದೆ. ಆ ಚಳಿಗಾಲ ನದಿ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಒಂದು ಹಡಗೂ ಓಡುತ್ತಿರಲಿಲ್ಲ. ಸೇತುವೆಯನ್ನು ಯಾರೂ ಎತ್ತಿರಲಿಲ್ಲ. ಷಿಕಾಗೋದಲ್ಲಿ ಬೆಳೆದವರಿಗೆ ಇದು ಒಂದಲ್ಲ ಒಂದು ದಿನ ಹೊಳೆಯಲೇಬೇಕು. ನೀನು ಅದಕ್ಕೆ ನಾಲಿಗೆ ಚಾಚುವುದನ್ನು ಬಿಟ್ಟದ್ದು ಆ ದಿನವೇ ಏನು?