ಅಂಟಿಸಿಟ್ಟ ಲಕೋಟೆ

ಗುರುವಾರ, ಹತ್ತೊಂಬತ್ತನೇ ತಾರೀಖು
ಸಂಜೆ ಆರೂವರೆ

ಪ್ರೀತಿಯ ಅಕ್ಕ,

ಈಗಷ್ಟೇ ಇಸ್ತ್ರಿ ಅಂಗಡಿಯಿಂದ ಬಂದೆ. ಇವತ್ತು ಆಸ್ಪತ್ರೆಯ ಹೊದಿಕೆಗಳೇ ಅರವತ್ತು ಇದ್ದವು. ಒಂದರ ಅಂಚು ಸುಟ್ಟೆ. ಅಂಗಡಿಯ ಒಡತಿ ಬೈಯಲಿಲ್ಲ. ಅಮ್ಮ ಹೋಗಿ ಇಪ್ಪತ್ತಮೂರು ದಿನವಾಯಿತು, ಅವತ್ತಿನಿಂದ ಅಂಗಡಿಯಲ್ಲಿ ನನ್ನನ್ನು ಯಾರೂ ಬೈದಿಲ್ಲ. ಬಂದವಳು ಇನ್ನೂ ಕೂತಿಲ್ಲ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಫೋನಿನಲ್ಲಿ ಎಲ್ಲ ಸರಿಯಾಗಿದೆ ಎಂದಿದ್ದೆ. ಸರಿಯಾಗಿಲ್ಲ. ಈ ತಿಂಗಳ ಬಾಡಿಗೆ ಕೊಟ್ಟಿಲ್ಲ. ಮಾತಿಗೊಮ್ಮೆ ಕೈಗಡಿಯಾರ ನೋಡುವ ಮನೆ ಮಾಲೀಕರಿಗೆ ಅಮ್ಮ ಗಡಿಯಾರ ಎಂದೇ ಹೆಸರಿಟ್ಟಿದ್ದಳಲ್ಲ, ಅವರು ಸೋಮವಾರ ಬಾಗಿಲಲ್ಲಿ ನಿಂತು, ನಿಮ್ಮಮ್ಮ ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ, ನೀವು ನೋಡಿದ್ರೆ ಶುರುವಿನಲ್ಲೇ ಹೀಗೆ ಅಂದರು. ಐದನೇ ತಾರೀಖಿನಿಂದ ದಿನಕ್ಕಿಷ್ಟು ಎಂದು ದಂಡ ಕಟ್ಟಬೇಕಂತೆ, ಇಲ್ಲವೇ ಭಾನುವಾರದೊಳಗೆ ಖಾಲಿ ಮಾಡಬೇಕಂತೆ. ಹಾಗೆಂದು ಎಲ್ಲಿ ಬರೆದಿದೆ ಎಂದೆ. ತಿಂಗಳಿಂದ ತಿಂಗಳಿಗೆ ಇರೋರಿಗೆ ಯಾವ ಕಾಗದಾನಮ್ಮ, ನಾನು ಹೇಳಿದ್ದೇ ಕಾಗದ ಎಂದರು. ಅವರು ಹೋದ ಮೇಲೆ ಚಿಲಕವನ್ನು ಮೂರು ಸಲ ನೋಡಿದೆ.

ನಿನ್ನೆ ಊಟದ ಬಿಡುವಿನಲ್ಲಿ ಬಾಡಿಗೆದಾರರ ಸಂಘದ ಕಚೇರಿಗೆ ಓಡಿದೆ. ಅಲ್ಲಿನ ಗುಮಾಸ್ತೆ ಪೆನ್ನು ಕೆಳಗಿಟ್ಟು, ದಂಡಕ್ಕೆ ನೀವು ಸಹಿ ಹಾಕಿದ್ರಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದ್ರೆ ಒಂದು ಕಾಸೂ ಕೊಡ್ಬೇಡಿ, ಅವರು ಮನೆ ಬಿಡಿಸೋದಿದ್ರೂ ನೋಟಿಸ್ ಬರೆದುಕೊಟ್ಟು ಒಂದು ತಿಂಗಳು ಕಾಯ್ಲಿ. ಆದ್ರೆ ಬಾಡಿಗೆ ಮಾತ್ರ ತಡ ಮಾಡ್ಬೇಡಿ, ಅದು ನಿಮ್ಮ ಹತ್ರ ಇರೋವರೆಗೂ ತಪ್ಪು ನಿಮ್ದೇ ಎಂದರು. ದುಡ್ಡಿಲ್ವಾ ಎಂದೂ ಮೆಲ್ಲಗೆ ಕೇಳಿದರು. ಬಿಡುವು ಮುಗಿಯಿತು ಎಂದು ಎದ್ದು ಬಂದೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಮಾಲೀಕರಿಗೆ ಅದೆಲ್ಲ ಒಪ್ಪಿಸಿದೆ. ಅವರು ಎರಡು ಸಲ ಗಡಿಯಾರ ನೋಡಿದರು. ಓಹೋ, ಇಸ್ತ್ರಿ ಜೊತೆ ವಕೀಲಿಕೇನೂ ಶುರುವಾಯ್ತಾ ಅಂದರು. ಆಮೇಲೆ ದನಿ ಇಳಿಸಿ, ದಂಡ ಬಿಡೋಣ, ನಾಳೆ ಎಂಟಕ್ಕೆ ರಸೀದಿ ಪುಸ್ತಕ ತರ್ತೀನಿ, ಆಗ್ಲೂ ಬಾಡಿಗೆ ಇಲ್ಲ ಅಂದ್ರೆ ಅಲ್ಲೇ ನೋಟಿಸ್ ಬರೀತೀನಿ ಎಂದರು.

ನೀನು ದುಡ್ಡು ಕಳಿಸಬೇಡ. ನಿನ್ನ ಮನೆಗೆ ಬಾ ಎಂದು ಮತ್ತೆ ಕರೆಯಲೂ ಬೇಡ. ಅಮ್ಮನ ಮಣೆ ಇನ್ನೂ ಒಲೆಯ ಪಕ್ಕದಲ್ಲೇ ಇದೆ. ನನಗೆ ಇಲ್ಲೇ ಇರಬೇಕು.

ಇಂತಿ,
ನಿನ್ನ ತಂಗಿ

ತಾ.ಕ.: ಗುಮಾಸ್ತೆಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ದುಡ್ಡಿದೆ. ಆಸ್ಪತ್ರೆಗೆ ಹೊರಡುವ ಮುಂಚೆಯೇ ಅಮ್ಮ ಈ ತಿಂಗಳ ಬಾಡಿಗೆಯನ್ನು ಲಕೋಟೆಗೆ ಹಾಕಿ, ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿ, ಮೇಲೆ ತಿಂಗಳ ಹೆಸರು ಬರೆದಿಟ್ಟಿದ್ದಳು. ಅದು ಸಕ್ಕರೆ ಡಬ್ಬಿಯ ಹಿಂದಿದೆ. ಹಾಗೇ ಕೊಟ್ಟರೆ ಅವಳ ಅಕ್ಷರ ಹೋಗುತ್ತದೆ, ಹರಿದರೆ ಅವಳು ಅಂಟಿಸಿದ್ದು ಹೋಗುತ್ತದೆ. ನನ್ನ ಸಂಬಳ ಬರುವುದು ಮೂವತ್ತಕ್ಕೆ. ಹಬೆ ಹಿಡಿದರೆ ಅಂಟು ಹರಿಯದೆ ಬಿಡುತ್ತದೆ, ಬಟ್ಟೆಗೆ ಅಂಟಿಸಿದ ಚೀಟಿ ಹಾಗೆ ಬಿಡುವುದನ್ನು ಅಂಗಡಿಯಲ್ಲಿ ದಿನವೂ ನೋಡುತ್ತೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ನೀರು ಕಾಯಿಸಿ ಒಲೆ ಆರಿಸಿದ್ದೇನೆ. ಈಗ ಮೂರನೇ ಸಲ ಕುದಿಯುತ್ತಿದೆ. ಮಾಲೀಕರು ನಾಳೆ ಎಂಟಕ್ಕೆ ಸರಿಯಾಗಿ ಬರುತ್ತಾರೆ.