ದಾರಿಯ ಮೇಲೆ ಬಿದ್ದ ಬೀಜ

ಚುಂಚನಕಟ್ಟೆ
ಫೆಬ್ರವರಿ 11, 2025

ನನ್ನ ಪವಿತ್ರ,

“ಮೊದ್ಲು ಕೈ ಮುಗಿಯೋದ ಕಲಿಸು, ಯಾರಿಗೆ ಅನ್ನೋದ ಆಮೇಲೆ…” ನಿನ್ನ ಅಜ್ಜಿ ಹೇಳುತ್ತಿದ್ದ ಮಾತು. ಇದರ ಕೊನೆ ನನಗೆ ಮರೆತುಹೋಗಿದೆ. ‘ಆಮೇಲೆ ತಾನೇ ಕಲೀತದೆ’ ಎಂದಿತ್ತೇ, ‘ಆಮೇಲೆ ನೀನೇ ಹೇಳ್ಕೊಡು’ ಎಂದಿತ್ತೇ? ಮೊದಲನೆಯದಾದರೆ ಈ ಪತ್ರ ಸುಲಭ. ಎರಡನೆಯದಾದರೆ ಹೇಳಿಕೊಡಬೇಕಾದವಳೇ ನಾನು, ಇದನ್ನು ಬರೆಯುವ ಕೈ ನನ್ನದಾಗಬಾರದಿತ್ತು.

ನೀನು ಟೈಫಾಯ್ಡ್ ಆಗಿ ಹುಣಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಗು ಟೆಸ್ಸಳನ್ನು ನಾನು ಇಲ್ಲಿಗೆ ಕರೆತಂದೆನಲ್ಲ, ಅವಳ ಬ್ಯಾಗಿನಲ್ಲಿ ನೀನು ಮನೆಪಾಠದ ಎರಡು ಮಾದರಿ ಪುಸ್ತಕ ಇಟ್ಟಿದ್ದೆ, ಒಂದು ಇಂಗ್ಲಿಷಿನದು, ಒಂದು ಕನ್ನಡದ್ದು. ಜೂನಿನಿಂದ ಮನೆಯಲ್ಲೇ ಓದಿಸ್ತೀವಿ, ಯಾವುದು ತರಿಸಲಿ ನೋಡಿ ಹೇಳಮ್ಮ, ಎಂ.ಎ. ಓದಿರೋಳು ನೀನೇ ತಾನೆ, ಎಂದೆ. ಕಾರಣ ನನಗೆ ಅರ್ಥವಾಗುತ್ತದೆ. ಒಮ್ಮೆ ಶುಂಠಿ ಬೆಳೆದ ಹೊಲದಲ್ಲಿ ಮರುವರ್ಷ ಶುಂಠಿ ಹಾಕುವಂತಿಲ್ಲ. ಅಳಿಯ ಶಿಬು ಹೋದ ವರ್ಷ ಗುರುಪುರದಲ್ಲಿ ಜಮೀನು ಗುತ್ತಿಗೆಗೆ ಹಿಡಿದರು, ಈಗ ಪಿರಿಯಾಪಟ್ಟಣ, ಮುಂದಿನ ವರ್ಷ ಹೆಚ್.ಡಿ. ಕೋಟೆ ಕಡೆ. ವಾಸದ ಶೆಡ್ಡು ಕಿತ್ತಾಗಲೆಲ್ಲ ಮಗುವಿನ ಶಾಲೆಯನ್ನೂ ಕೀಳಬೇಕು. ಮನೆಪಾಠವಾದರೆ ಪುಸ್ತಕ ನಿಮ್ಮ ಚರ್ಚಿನ ನಂಬಿಕೆಯದ್ದೇ ಇರಲಿ ಎಂಬುದು ನೀವಿಬ್ಬರೂ ಮಾಡಿದ ತೀರ್ಮಾನ.

ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ‘ನೋಡ್ತಾ ಇದೀನಿ’ ಎಂದೆ. ನಿಜವಾಗಿ ನೋಡಿ ಮುಗಿದಿತ್ತು. ಎರಡೂ ಬೇಡ, ಮಗುವನ್ನು ನಮ್ಮ ಹತ್ತಿರ ಬಿಡು, ಸಾಲಿಗ್ರಾಮದ ಶಾಲೆಗೆ ಸೇರಿಸುತ್ತೇನೆ ಎಂದು ಹೇಳುವ ಧೈರ್ಯ ಬರಲಿ ಎಂದು ಕಾಯುತ್ತಿದ್ದೆ.

ಇಂಗ್ಲಿಷ್ ಪುಸ್ತಕ ಚೆನ್ನಾಗಿದೆ. ಹೊಳೆಯುವ ಕಾಗದ, ಹಿಮದ, ಸೇಬಿನ ತೋಟದ ಚಿತ್ರಗಳು. ದೇವರು ಪುಟದ ಕೆಳಗೆ ಒಂದು ಸಾಲಿನಲ್ಲಿ ಸುಮ್ಮನೆ ಇದ್ದಾನೆ. ಆರಿಸಲೇಬೇಕಾದರೆ ಇದೇ ವಾಸಿ, ನುಂಗಲು ಸುಲಭ ಎಂದುಕೊಂಡೆ. ಕನ್ನಡದ್ದು ತೆಳು ಕಾಗದ, ಯಾರೂ ಆಡದ ಗಡುಸು ಕನ್ನಡ, ಪುಟಪುಟಕ್ಕೂ ಯೇಸು. ಕವಿತೆ ಓದಿ ಅಭ್ಯಾಸವಾದ ನನಗೆ ಆ ವಾಕ್ಯಗಳು ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮಗು ನಮ್ಮದೇ ಮಾತಿನಲ್ಲಿ ನಮ್ಮಿಂದ ದೂರವಾಗುತ್ತಾಳಲ್ಲ ಎಂದು ಭಯವಾಯಿತು.

ನಿಮ್ಮಪ್ಪನ ವಿಷಯ ನಿನಗೆ ಗೊತ್ತು. ನೀನು ಶಿಬುವನ್ನು ಮದುವೆಯಾದಾಗಿನಿಂದ ಈ ಮನೆಯಲ್ಲಿ ನಿನ್ನ ಹೆಸರು ಎತ್ತುವಂತಿಲ್ಲ. ‘ಮಗು ಬಂದ್ರೆ ಬರ್ಲಿ’ ಎಂದಷ್ಟೇ ಹೇಳಿದ್ದರು. ಬಂದ ಮೇಲೆ ಬಾಗಿಲಿಗೆ ಬಂದವರಿಗೆಲ್ಲ ‘ನೆಂಟ್ರ ಮಗು’ ಎಂದರು. ನಾನೂ ತಿದ್ದಲಿಲ್ಲ. ಇದು ನಿನಗೆ ನೋಯುತ್ತದೆ, ಆದರೂ ತಿಳಿದಿರಲಿ.

ಟೆಸ್ಸ ಇಲ್ಲಿದ್ದಾಗ ಒಂದು ಸಂಜೆ ಕನ್ನಡ ಪುಸ್ತಕವನ್ನೇ ಹಿಡಿದು ಬಂದು ಓದಜ್ಜಿ ಎಂದಳು. ಬಿತ್ತಲು ಹೋದ ಒಬ್ಬನ ಬಗ್ಗೆ ಯೇಸು ಹೇಳಿದ ಕಥೆ. ಬೀಜ ಸ್ವಲ್ಪ ದಾರಿಯಲ್ಲಿ ಬಿತ್ತು, ಸ್ವಲ್ಪ ಬಂಡೆಯ ಮೇಲೆ, ಸ್ವಲ್ಪ ಮುಳ್ಳಿನಲ್ಲಿ, ಉಳಿದದ್ದು ಒಳ್ಳೆಯ ಮಣ್ಣಿನಲ್ಲಿ. ಮುಗಿಸುವ ಮೊದಲೇ ಅವಳು ತಡೆದಳು. “ಅವ್ರ್ಯಾಕೆ ದಾರಿ ಮೇಲೆ ಹಾಕಿದ್ರು? ನಮ್ ಪಪ್ಪ ಒಂದೊಂದೇ ಶುಂಠಿ ಗೆಡ್ಡೆ ಮುರಿದು, ಮೊಳಕೆ ಕಣ್ಣು ಇದೆಯಾ ನೋಡಿ ಹಾಕ್ತಾರೆ.”

ಜಗಲಿಯ ಆ ಕೊನೆಯಲ್ಲಿ ಹಗ್ಗ ಹೊಸೆಯುತ್ತಿದ್ದ ನಿಮ್ಮಪ್ಪ ತಟ್ಟನೆ, “ಸರ್ಯಾಗ್ ಕೇಳ್ದೆ ಕಣವ್ವ! ಬಂಡೆ ಮೇಲೆ, ಬೇಲಿ ಒಳಿಕೆ ಎಲ್ಲ ಎಸ್ಕಂಡ್ ಓದ್ರೆ ಬೆಳೆ ಎಲ್ಲಿಂದ ಬಂದದು? ಅವ್ನು ಬೇಸಾಯಗಾರನೇ ಅಲ್ಲ ಬುಡು. ನಿಮ್ಮಪ್ಪಂಗೆ ಕೆಲ್ಸ ಗೊತ್ತದೆ” ಎಂದರು.

ಪವಿತ್ರ, ಶಿಬುವನ್ನು ಕುರಿತು ಅವರು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಟೆಸ್ಸ ಬಿಡಲಿಲ್ಲ. ಹೋಗಿ ಅವರ ಮೊಣಕಾಲಿಗೆ ಒರಗಿ, “ಆದ್ರೆ ಇವ್ರು ದೇವ್ರಲ್ವಾ ತಾತ, ಇವ್ರ ಹತ್ರ ಬೀಜ ಖಾಲಿನೇ ಆಗಲ್ಲ. ಅದಕ್ಕೇ ಎಲ್ಲಾ ಕಡೆ ಹಾಕ್ತಾರೆ” ಎಂದಳು. ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ. ಹಗ್ಗ ಹೊಸೆಯುವ ಕೈ ನಿಂತಿತು. ಮರುದಿನ ಸಂಜೆ ನಿಮ್ಮಪ್ಪ ಹಗ್ಗವಿಲ್ಲದೆ ಬಂದು ಕೂತು, “ಇವತ್ತೇನಮ್ಮ ಕತೆ?” ಎಂದರು.

ಆ ಪಾಠ ಇಂಗ್ಲಿಷಿನಲ್ಲಿದ್ದಿದ್ದರೆ ಅವರು ಜಗಲಿಯ ಆ ಕೊನೆಯಲ್ಲೇ ಉಳಿಯುತ್ತಿದ್ದರು.

ಆದ್ದರಿಂದ ಕನ್ನಡದ್ದನ್ನೇ ತರಿಸು. ಲೆಕ್ಕಕ್ಕೆ ಬೇಕಾದರೆ ಇಂಗ್ಲಿಷ್ ಪುಸ್ತಕವಿರಲಿ, ಅದರಲ್ಲಿ ಎಣಿಸಲು ಚಿತ್ರಗಳು ಚೆನ್ನಾಗಿವೆ. ಗಡುಸು ವಾಕ್ಯ ಬಂದರೆ ನಿನ್ನ ಮಾತಿನಲ್ಲಿ ಹೇಳು. ಅವಳು ನಡುವೆ ತಡೆದು ಕೇಳಿದರೆ ಕೇಳಲು ಬಿಡು. ಇಷ್ಟು ಮಾತ್ರ ನನ್ನ ಬೇಡಿಕೆ.

ಇದನ್ನು ಹಗುರ ಮನಸ್ಸಿನಿಂದ ಬರೆಯುತ್ತಿಲ್ಲ. ಇಲ್ಲಿದ್ದಷ್ಟು ದಿನ ನಾನು ದೇವರ ಮುಂದೆ ದೀಪ ಹಚ್ಚುವಾಗ ಟೆಸ್ಸ ಪಕ್ಕದಲ್ಲಿ ಬಂದು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಯಾರಿಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮುಂದೆಯೂ ಕೇಳದಿರುವ ಶಕ್ತಿ ಬರಲಿ ಎಂದು ನಾನೂ ಕಣ್ಣು ಮುಚ್ಚಿದೆ.

ಹೊತ್ತುಹೊತ್ತಿಗೆ ಊಟ ಮಾಡು. ಕಾಯಿಸಿದ ನೀರನ್ನೇ ಕುಡಿ.

ನಿನ್ನನ್ನು ನೆನೆಯುವ ಅಮ್ಮ,
ಲಕ್ಷ್ಮಿದೇವಿ

ಮಡಿಸುವ ಮೊದಲು ಇನ್ನೊಂದು ಮಾತು: ಈಗ ತಾನೇ ಪಕ್ಕದ ಮನೆಯ ಭಾಗ್ಯಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದಳು. ಲೋಟ ಕೈಗೆ ಕೊಟ್ಟರೂ ಬಾಗಿಲು ಬಿಟ್ಟು ಕದಲಲಿಲ್ಲ. “ಏನ್ ಲಕ್ಷ್ಮಕ್ಕ, ನೆಂಟ್ರ ಮಗು ಅಂತ ನಮ್ಗೆಲ್ಲ ಟೋಪಿ ಆಕುದ್ರಲ್ಲ! ನಿಮ್ ಯಜಮಾನ್ರು ನಾಲೆ ಏರಿ ಮೇಲೆ ಜನ ಸೇರಿಸ್ಕಂಡು, ‘ದಾರಿ ಮೇಲೆ ಬೀಜ ಎಸ್ದೋನು ದಡ್ಡ ಅಲ್ಲ ಕಣ್ರಲಾ, ನನ್ ಮಗಳು ಪವಿತ್ರನ್ ಮಗು ಹೇಳ್ತು’ ಅಂತ ವಾದಕ್ ನಿಂತವ್ರೆ” ಎಂದಳು.