ಮಾರುವ ಕಾರಣ

೧೪ ನವೆಂಬರ್ ೨೦೨೪, ಗುರುವಾರ

ಎಡಗೈಯ ಎರಡು ಬೆರಳು ಜೋಮು ಹಿಡಿದಿವೆ ಎಂಬುದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ವಾದ್ಯ ಕೊಳ್ಳುವ, ಮಾರುವ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾರುವ ಕಾರಣ ಹೇಳಲೇಬೇಕು. ಬಾಸ್ ಗಿಟಾರಿನ ಕರಡು ಜಾಹೀರಾತಿನಲ್ಲಿ ‘ಹೊಸದು ಕೊಳ್ಳುತ್ತಿದ್ದೇನೆ’ ಎಂದು ಬರೆದಿದ್ದೆ. ಇಂದು ಹಿಮಾಯತ್‌ನಗರದ ರಿಹರ್ಸಲ್‌ನಲ್ಲಿ ನಮ್ಮ ಡ್ರಮ್ಮರ್ ಕಲ್ಲೇಶ ನನ್ನ ಫೋನಿನಲ್ಲಿ ಅದನ್ನು ಓದಿಬಿಟ್ಟ.

“ಅಕ್ಕಾ, ಐದು ತಂತೀದು ತಗೋರಿ! ಆದ್ರ ಪಾರ್ಟಿ ಕೊಡದ ಬಿಡಂಗಿಲ್ಲ ನೋಡ್ರಿ.”

ನಕ್ಕೆ. ಆಗಲೂ ತಂತಿ ಒತ್ತಿದೆನೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಾಗಿತ್ತು.

ನಿಜ ಬರೆದರೆ ಒಂದೇ ಗಂಟೆಯಲ್ಲಿ ಯಾರಾದರೂ ಅವನಿಗೆ ಬೇರೆ ಬಾಸಿಸ್ಟ್‌ನ ನಂಬರ್ ಕಳಿಸುತ್ತಾರೆ. ಅವನು ಕರೆಯುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಕರೆಯುತ್ತಿದ್ದೆ. ಡಾಕ್ಟರು ಏನು ಹೇಳುತ್ತಾರೋ ಎಂಬುದಕ್ಕಿಂತ ಇದಕ್ಕೇ ನನಗೆ ಹೆಚ್ಚು ಭಯ.

ಆದರೂ ಕರಡಿನ ಆ ಸಾಲು ಅಳಿಸಿ, ‘ಬೆರಳುಗಳಿಗೆ ಸ್ಪರ್ಶ ತಿಳಿಯುತ್ತಿಲ್ಲ’ ಎಂದು ಬರೆದಿದ್ದೇನೆ. ಶನಿವಾರ ಕೊಂಡಾಪುರದ ಶೋ ಒಂದು ಮುಗಿಯಲಿ. ಕಲ್ಲೇಶನಿಗೆ ಮೊದಲು ನಾನೇ ಹೇಳುತ್ತೇನೆ. ಆಮೇಲೆ ಜಾಹೀರಾತು ಗುಂಪಿಗೆ ಹಾಕುವುದು, ಭಾನುವಾರ, ೧೭ ನವೆಂಬರ್.